ಹೆಸರು ಹಾಕಿಸಿದ ಪಾನಾಗಳು

ಹೊಸದಾಗಿ ಒಲೆ ಹೂಡುವ ಹೆಂಗಸಿಗೆ ಏನೇನು ಬೇಕೆಂದು ಯಾರಾದರೂ ಕೇಳಿದರೆ ನಾನು ನಿಂತ ನಿಲುವಿನಲ್ಲೇ ಹೇಳಿಬಿಡುತ್ತೇನೆ. ರೊಟ್ಟಿಗೊಂದು ಹಂಚು, ಹಿಟ್ಟು ನಾದಲು ಪರಾತ, ಬೇಳೆಗೊಂದು ಗಡಿಗೆ, ಒಂದು ಸೌಟು, ಒಂದು ಇಕ್ಕಳ. ಉಳಿದದ್ದು ಬೇಕೆನಿಸಿದ ಹಾಗೆಲ್ಲ ತಾನೇ ಮನೆ ಸೇರುತ್ತದೆ. ಮೊದಲ ದಿನವೇ ಮದುವೆಮನೆಯ ಹಂಡೆ ತಂದು ಒಲೆಗೇರಿಸಿದ ಹೆಂಗಸನ್ನು ನಾನಂತೂ ಕಂಡಿಲ್ಲ. ಆದರೆ ಮನೆಯಲ್ಲೇ ಮೋಟಾರು ರಿಪೇರಿ ಮಾಡಿಕೊಳ್ಳಲು ಯಾವ ಸಾಮಾನು ತರಬೇಕೆಂದು ನಮ್ಮ ಮನೆಯ ಗಂಡಸರು ಕಟ್ಟೆಯ ಮೇಲೆ ಕೂತಾಗ ಮೊದಲು ಮಾತಿಗೆ ಬಂದದ್ದೇ ಹಂಡೆ. ಅಂದರೆ ಹತೋಡಿ. ಎರಡೂ ಕೈ ಹಚ್ಚಿ ಎತ್ತುವಂಥ ದೊಡ್ಡ ಸುತ್ತಿಗೆ.

ನಾವಿದ್ದದ್ದು ಕುಷ್ಟಗಿಯಲ್ಲಿ. ಶೇಂಗಾ, ಹತ್ತಿಯ ಅಡತಿ ವ್ಯಾಪಾರದ ಮನೆ. ದೊಡ್ಡ ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು ಮಾವನವರು ಕೊಪ್ಪಳದಿಂದ ವರ್ಗವಾಗಿ ಹೊರಟಿದ್ದ ಒಬ್ಬ ಅಧಿಕಾರಿಯ ಮೋಟಾರನ್ನು ಕೊಂಡರು. ಆ ಮಹಾಶಯರು ಮೋಟಾರನ್ನು ಬಹಳ ಪ್ರೀತಿಯಿಂದ ಕೊಟ್ಟರು. ಸೀಟಿನ ಕೆಳಗಿದ್ದ ಸಾಮಾನಿನ ಪೆಟ್ಟಿಗೆಯನ್ನು ಅದಕ್ಕಿಂತ ಹೆಚ್ಚಿನ ಪ್ರೀತಿಯಿಂದ ತಾವೇ ಇಟ್ಟುಕೊಂಡರು. ಹೀಗಾಗಿ ನಮ್ಮ ಮೋಟಾರಿನ ಒಂದು ನಟ್ಟು ಸಡಿಲಾದರೂ ಕೊಪ್ಪಳದ ಮಿಸ್ತ್ರಿಗೆ ಹೇಳಿಕಳಿಸಬೇಕು. ಅವನು ತನಗೆ ತಿಳಿದಾಗ ಬರಬೇಕು, ನಾಷ್ಟಾ ಮಾಡಬೇಕು, ಊಟ ಮಾಡಬೇಕು, ಎಲೆ ಅಡಿಕೆ ಹಾಕಿಕೊಳ್ಳಬೇಕು, ಆಮೇಲೆ ಒಂದು ಗಳಿಗೆ ಬಗ್ಗಿ ಎದ್ದು ಕೈ ಒರೆಸಿಕೊಳ್ಳಬೇಕು. ಮಗಳ ಮನೆಯಿಂದ ಬಂದ ಬೀಗರಿಗೂ ನಾವು ಅಷ್ಟು ನಡೆದುಕೊಂಡಿರಲಿಲ್ಲ.

ನನಗೆ ಆ ಮೋಟಾರಿನ ಮೇಲೆ ಗಂಡಸರಿಗಿದ್ದಂಥ ಮೋಹ ಇರಲಿಲ್ಲ. ನನ್ನ ಸ್ವಾರ್ಥ ಬೇರೆ. ನನ್ನ ತವರು ಗಂಗಾವತಿ. ನನ್ನ ಅವ್ವ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಕೆಡಿಸಿಕೊಂಡು ಅಣ್ಣನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಎತ್ತಿನ ಗಾಡಿಯಲ್ಲಿ ಹೋದರೆ ದಾರಿಯಲ್ಲಿ ಒಂದು ಕಡೆ ಇಳಿದು ಮಲಗಬೇಕು. ಅಷ್ಟು ದೂರ ಹೋದ ಮೇಲೆ ನಾಲ್ಕು ದಿನ ಇರದೆ ಬರುವಂತಿಲ್ಲ. ಅಷ್ಟು ದಿನ ಕುಷ್ಟಗಿಯ ಒಲೆಯ ಮುಂದೆ ಯಾರು ಕೂಡಬೇಕು? ಹೀಗಾಗಿ ವರ್ಷಕ್ಕೊಮ್ಮೆ ಹೋಗುವುದೇ ದೊಡ್ಡದು. ಮೋಟಾರು ಬಂದ ಮೇಲೆ ಮಾವನವರೇ ದೊಡ್ಡ ಮನಸ್ಸು ಮಾಡಿದರು. ನಸುಕಿನಲ್ಲಿ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದಾದರೆ ತಿಂಗಳಿಗೊಮ್ಮೆ ಹೋಗಿ ಬರಲಿ ಎಂದರು. ದಾರಿ ಕಳೆದು ನನಗೆ ಅವ್ವನ ಹತ್ತಿರ ಸಿಗುತ್ತಿದ್ದದ್ದು ಒಂದು ಮಧ್ಯಾಹ್ನ. ಅಷ್ಟಕ್ಕೇ ನಾನು ಆ ಮೋಟಾರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಒಂದು ಸಲ ಮಿಸ್ತ್ರಿ ಬರುವುದು ತಡವಾಗಿ ಮೋಟಾರು ಪೇಟೆಯ ನಡುವೆಯೇ ನಿಂತುಬಿಟ್ಟಿತು. ಅದರ ನೆರಳಿನಲ್ಲಿ ಎಮ್ಮೆಗಳು ಮಲಗಿದವು. ಅವತ್ತು ಮಾವನವರು ಊಟಕ್ಕೆ ಕೂತಾಗ ಹೇಳಿದರು: "ಇದು ಮೋಟಾರೋ ನವಾಬನೋ? ದೀಪಾವಳಿ ತನಕ ನೋಡ್ತೀನಿ. ಸಣ್ಣ ಪುಟ್ಟ ರಿಪೇರಿ ಮನ್ಯಾಗ ಮಾಡ್ಕೊಂಡ್ರ ಇರ್ಲಿ. ಇಲ್ಲಾಂದ್ರ ಮಾರಿಬಿಡೂದು."

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಮೋಟಾರು ಹೋದರೆ ಆ ಮಧ್ಯಾಹ್ನಗಳೂ ಹೋದಂತೆ.

ಮರುದಿನವೇ ಕಟ್ಟೆಯ ಮೇಲೆ ಸಭೆ ಕೂಡಿತು. ನಮ್ಮ ಮನೆಯವರು ಇದ್ದರು. ಮೋಟಾರು ನಡೆಸಲು ಕಲಿತವರು ಅವರೊಬ್ಬರೇ ಆದ್ದರಿಂದ ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಮಾವನವರ ತಮ್ಮ, ನಾವೆಲ್ಲ ಕಾಕಾ ಎನ್ನುತ್ತಿದ್ದವರು, ಬಂದು ನಡುವೆ ಕೂತರು. ಕಾಕಾ ಒಮ್ಮೆ ಹೊಸಪೇಟೆಯಲ್ಲಿ ಯಾರದೋ ಮೋಟಾರಿನ ಮುಂದಿನ ಸೀಟಿನಲ್ಲಿ ಕೂತು ತುಂಗಭದ್ರೆಯ ತನಕ ಹೋಗಿ ಬಂದಿದ್ದರು. ಆ ವಿದ್ಯೆ ಅವರಿಗೆ ಜೀವನಪೂರ್ತಿ ಸಾಕಾಗಿತ್ತು. ಮೂರನೆಯವರು ಯಲಬುರ್ಗಾದ ಅಳಿಯಂದಿರು, ನನ್ನ ನಾದಿನಿಯ ಗಂಡ. ಅವರಿಗೆ ಹಿಟ್ಟಿನ ಗಿರಣಿ ಇತ್ತು, ಗಿರಣಿಗೆ ಎಣ್ಣೆಯ ಇಂಜಿನ್ ಇತ್ತು. ನಾವು ಹೋದಾಗಲೆಲ್ಲ ಅದು ಅಂದೇ ಕೆಟ್ಟಿರುತ್ತಿತ್ತು. ಅದರ ಬಗ್ಗೆ ಅವರ ಮಾತು ಮಾತ್ರ ಎಂದೂ ಕೆಟ್ಟು ನಿಂತಿದ್ದಿಲ್ಲ.

ಕಾಕಾ ಹತೋಡಿ ಎಂದರು. ಅಳಿಯಂದಿರು ಹತೋಡಿಗಿಂತ ಮೊದಲು ಪಾನಾ ಬೇಕೆಂದರು. ಒಳಗಿದ್ದ ಅತ್ತೆಯವರು ಅದನ್ನು ಪಾನ ಎಂದು ಕೇಳಿಸಿಕೊಂಡು ಎಲೆ ಅಡಿಕೆಯ ತಟ್ಟೆ ಕಳಿಸಿದರು. ನಟ್ಟು ತಿರುವುವ ಕಬ್ಬಿಣದ ಕೈಗೆ ಪಾನಾ ಅನ್ನುತ್ತಾರೆಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು. ಆಮೇಲೆ ಮಾತು ಬಾಡಿಗೆ ಓಡಿಸುವವರ ಮೋಟಾರಿನಲ್ಲಿ ಎಂಥ ಸಾಮಾನಿರುತ್ತದೆ, ರೈಲಿನ ಇಂಜಿನ್ನಿಗೆ ಎಷ್ಟು ಉದ್ದದ ಪಾನಾ ಹಚ್ಚುತ್ತಾರೆ ಎಂಬಲ್ಲಿಗೆ ಹೋಯಿತು. ನಮ್ಮ ಮೋಟಾರಿನಲ್ಲಿ ಯಾವುದು ಸಡಿಲಾಗುತ್ತದೆ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಅದು ನನಗೆ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತವಳಿಗೆ ಬೇರೆ ಕೆಲಸವೇನು? ಗಾಲಿಯ ಗಾಳಿ ಹೋಗುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಬ್ಯಾಟರಿಯ ತಂತಿ ಕಳಚುತ್ತದೆ. ಊಟಕ್ಕೆ ಬಡಿಸುವಾಗ ನಮ್ಮ ಮನೆಯವರಿಗೆ ಮೆಲ್ಲಗೆ ಹೇಳಿದೆ: ಗಾಲಿಯ ನಟ್ಟಿಗೆ ಕೂಡುವ ಪಾನಾ, ಮೋಟಾರು ಎತ್ತುವ ಜಾಕು, ಪ್ಲಗ್ಗು ಬಿಚ್ಚುವ ಕೊಳವೆ, ತಂತಿ ಹಿಡಿಯಲು ಪಕ್ಕಡ, ಪೇಚು ತಿರುವಲು ಪೇಚಕಸ್, ಗಾಳಿಯ ಪಂಪು, ಟ್ಯೂಬಿಗೆ ಹಚ್ಚುವ ರಬ್ಬರಿನ ತೇಪೆ, ಐದಾರು ಸಣ್ಣ ಪಾನಾ. ಮೊದಲಿಗೆ ಇಷ್ಟಿದ್ದರೆ ಸಾಕು. ಅವರು ಹೂಂ ಎಂದರು. ಸಂಜೆ ಕಟ್ಟೆಯ ಮೇಲೆ ಅದನ್ನೇ ತಮ್ಮದೆಂಬಂತೆ ಹೇಳಿದರು. ಕಾಕಾ ಎಲ್ಲ ಕೇಳಿ, ಇಂಥ ಸಣ್ಣ ಸಾಮಾನು ಹೊತ್ತುಕೊಂಡು ತಿರುಗಿದರೆ ಮೋಟಾರಿಗೆ ಮರ್ಯಾದೆ ಉಳಿಯುವುದಿಲ್ಲ ಎಂದು ತೀರ್ಪು ಕೊಟ್ಟರು. ಮರ್ಯಾದೆಗಾಗಿ ಹತೋಡಿ ಸೇರಿತು.

ಮೂವರೂ ಕೊಪ್ಪಳಕ್ಕೆ ಹೋಗಿ ಸಾಮಾನು ತಂದರು. ಅಂಗಡಿಯಲ್ಲಿ ಕಾಕಾ ಒಂದೊಂದು ಪಾನಾವನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಾರಿಸಿ ನೋಡಿದರಂತೆ, ಸಂತೆಯಲ್ಲಿ ಗಡಿಗೆ ಆರಿಸುವ ಹಾಗೆ. ಅಳಿಯಂದಿರು ತೂಗಿ ನೋಡಿದರಂತೆ. ಅಂಗಡಿಯವನು ತಾಳ್ಮೆಯ ಮನುಷ್ಯ; ಇಬ್ಬರಿಗೂ ಭೇಷ್ ಅನ್ನುತ್ತ, ತಾನು ಕೊಡಬೇಕೆಂದುಕೊಂಡದ್ದನ್ನೇ ಕಟ್ಟಿಕೊಟ್ಟಿದ್ದ. ಸುಳ್ಳು ಹೇಳಬಾರದು, ಸಾಮಾನು ಛಲೋ ಇತ್ತು. ವಿಲಾಯತಿ ಉಕ್ಕು, ಬೆಳ್ಳಗೆ ಹೊಳೆಯುತ್ತಿತ್ತು. ನಾನು ಹೇಳಿದ್ದೆಲ್ಲ ಅದರಲ್ಲಿತ್ತು. ಈ ದೀಪಾವಳಿಯನ್ನು ದಾಟಿದೆವು ಎಂದುಕೊಂಡೆ.

ಪಡಸಾಲೆಯಲ್ಲಿ ಒಂದು ಹಳೆಯ ಧೋತರ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟರು. ಅತ್ತೆಯವರು ಬಂದು ನೋಡಿದರು, ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದರು.

"ಹೆಸರೆಲ್ಲೈತಿ?"

ಕಾಕಾ ಪಾನಾದ ಮೇಲಿನ ಅಳತೆಯ ಅಂಕಿ ತೋರಿಸಿದರು.

"ಹೆಸರು ಹಾಕಿಸದ ತಂದೀರಿ? ನಾಳೆ ಯಾವನರ ಬಂದು ಒಯ್ದು, ಇದು ನಮ್ಮದು ಅಂದ್ರ ಏನ್ಮಾಡ್ತೀರಿ?"

ನಮ್ಮ ಕಡೆಯ ಮನೆಗಳಲ್ಲಿ ಹೆಸರು ಕೊರೆಸದ ತಾಮ್ರದ ತಂಬಿಗೆ, ಹಿತ್ತಾಳೆಯ ಸೌಟು ಗೂಡು ಸೇರುತ್ತಿರಲಿಲ್ಲ. ಮದುವೆ ಮುಂಜಿ ಎಂದರೆ ಓಣಿಯ ಪಾತ್ರೆಯೆಲ್ಲ ಒಂದೇ ಅಂಗಳಕ್ಕೆ ಹೋಗಿ, ಆಮೇಲೆ ಹೆಸರು ಓದಿಯೇ ತಿರುಗಿ ಬರಬೇಕು. ನನ್ನ ಹೆಸರು ಅಚ್ಚುಕಟ್ಟಾಗಿ ಬರೆದದ್ದನ್ನು ನಾನು ಮೊದಲು ಕಂಡದ್ದೇ ತವರಿನ ಕೊಡದ ಕಂಠದ ಮೇಲೆ. ಆದ್ದರಿಂದ ಅತ್ತೆಯವರ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ. ಕಟ್ಟೆಯ ಮೇಲೆ ಕೂತು ಒಂದು ಮಾತಿಗೂ ಒಪ್ಪದೆ ಎದ್ದಿದ್ದ ಮೂರು ಮಂದಿ ಗಂಡಸರು ಇದೊಂದಕ್ಕೆ ತಕ್ಷಣ ಒಪ್ಪಿದರು. ಸ್ವಂತ ಬುದ್ಧಿ ಖರ್ಚಾಗದ ಕೆಲಸಕ್ಕೆ ಒಮ್ಮತ ಬೇಗ ಬರುತ್ತದೆ.

ಪಾತ್ರೆಗೆ ಹೆಸರು ಕೊರೆಯುವವನು ಬಂದ. ಅವನ ಸಣ್ಣ ಉಳಿ ಹಿತ್ತಾಳೆಯ ಮೇಲೆ ಬೆಣ್ಣೆಯಲ್ಲಿ ಓಡಿದಂತೆ ಓಡುತ್ತಿತ್ತು. ಪಾನಾದ ಮೇಲಿಟ್ಟು ಬಡಿದರೆ ಜಾರಿತು. ಜೋರಾಗಿ ಬಡಿದ, ಉಳಿಯ ಮೂಗೇ ಮುರಿಯಿತು. ಇದು ಬಲು ಗಟ್ಟಿ ಇದೆ, ಕಮ್ಮಾರನಿಂದ ಮೆತ್ತಗೆ ಮಾಡಿಸಿಕೊಟ್ಟರೆ ಎಷ್ಟು ಬೇಕಾದರೂ ಬರೆಯುತ್ತೇನೆ ಎಂದು ಹೇಳಿ ಎದ್ದ. ಕಾಕಾ ಸ್ವತಃ ಸಾಮಾನು ಹೊರಿಸಿಕೊಂಡು ಕಮ್ಮಾರನ ಕುಲುಮೆಗೆ ಹೋದರು. ಅಲ್ಲಿ ನಡೆದ ಮಾತನ್ನು ಅವರೇ ಮನೆಗೆ ಬಂದು ಹೆಮ್ಮೆಯಿಂದ ಹೇಳಿದರು. ಎಷ್ಟು ಮೆತ್ತಗಾಗಬೇಕು ಎಂದು ಅವನು ಕೇಳಿದನಂತೆ. "ಎಷ್ಟ್ ಆಗತೈತಿ ಅಷ್ಟ್ ಮಾಡಪಾ, ನಮ್ಮ ಮಂದಿ ಕೈ ನಾಜೂಕು," ಎಂದು ಇವರು ಹೇಳಿ ಬಂದರಂತೆ.

ಅವನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ಕೆಂಪಗೆ ಕಾಯಿಸಿ, ಬಿಸಿ ಬೂದಿಯಲ್ಲಿ ಹೂತಿಟ್ಟು, ತಣ್ಣಗಾಗುವ ತನಕ ಬಿಟ್ಟ. ಹೋಗುವಾಗ ಬೆಳ್ಳಗಿದ್ದ ಪಾನಾಗಳು ಬರುವಾಗ ಹಂಚಿನ ಬೆನ್ನಿನ ಹಾಗೆ ಕಪ್ಪಾಗಿದ್ದವು. ಆದರೆ ಉಳಿ ಓಡಿತು. ದೊಡ್ಡ ಪಾನಾದ ಮೇಲೆ ಮಾವನವರ ಹೆಸರು, ಅವರ ತಂದೆಯ ಹೆಸರು, ಮನೆತನ, ಊರಿಗೆ ಸಾಕಿನ್ ಕುಷ್ಟಗಿ, ಎಲ್ಲ ದುಂಡಗಿನ ಅಕ್ಷರದಲ್ಲಿ ಕೂತವು. ಅಕ್ಷರ ನೀಟಾಗಿ ಕೂಡಲೆಂದು ಎಲ್ಲ ಪಾನಾಗಳ ಮೇಲಿದ್ದ ಅಳತೆಯ ಅಂಕಿಗಳನ್ನೂ ಕೊರೆಯುವವನು ಅರದಿಂದ ತಿಕ್ಕಿ ತೆಗೆದಿದ್ದ. ತೀರ ಸಣ್ಣದರ ಮೇಲೆ ಜಾಗ ಸಾಲದೆ ಬರೀ 'ಕು' ಉಳಿಯಿತು. ರಬ್ಬರಿನ ತೇಪೆಯ ಮೇಲೆ ಹೆಸರು ಕೂಡುವುದಿಲ್ಲ ಎಂದು ಅತ್ತೆಯವರಿಗೆ ಸ್ವಲ್ಪ ಬೇಸರವಾಯಿತು.

ಓಣಿಯವರೆಲ್ಲ ಬಂದು ಓದಿ ಹೋದರು. ಓದು ಬಾರದವರಿಗೆ ಕಾಕಾ ಓದಿ ಹೇಳಿದರು. ಆಮೇಲೆ ಕೇಳುವವರು ಶುರುವಾದರು. ಹೆಸರು ಹಾಕಿಸಿದ್ದು ಯಾರೂ ಒಯ್ಯಬಾರದೆಂದು. ಈಗ ಎಲ್ಲರೂ ಧೈರ್ಯವಾಗಿ ಒಯ್ಯತೊಡಗಿದರು. ಇಲ್ಲ ಎನ್ನಲು ಹೋದರೆ, "ಹೆಸರು ಐತಲ್ರಿ, ಎಲ್ಲಿಗೆ ಹೋಗತೈತಿ?" ಎಂದು ನಮ್ಮ ಮಾತನ್ನೇ ನಮಗೆ ತಿರುಗಿಸುತ್ತಿದ್ದರು. ಪಕ್ಕಡ ಎತ್ತಿನ ಕಾಲಿನ ಮುಳ್ಳು ತೆಗೆಯಲು ಹೋಯಿತು. ಜಾಕು ಯಾರದೋ ಮನೆಯ ಬಾಗಿದ ತೊಲೆಗೆ ಆಸರೆ ಕೊಟ್ಟು ಬಂತು. ಹತೋಡಿಯನ್ನು ಅಳಿಯಂದಿರೇ ಬೇವೂರಿನ ತಮ್ಮ ಗೆಳೆಯರಿಗೆ ಕೊಡಿಸಿದರು. ಅದರ ಬಗ್ಗೆ ನಮಗೆ ಚಿಂತೆ ಇರಲಿಲ್ಲ, ಹೆಸರಿತ್ತಲ್ಲ. ಯಾರಿಗೂ ಬೇಡವಾಗಿ ಮನೆಯಲ್ಲೇ ಉಳಿದವು ಪಾನಾಗಳು ಮಾತ್ರ. ಎತ್ತಿನ ಗಾಡಿಗೆ ಎಲ್ಲಿಯ ನಟ್ಟು?

ದಸರೆಯ ಹೊತ್ತಿಗೆ ಗಂಗಾವತಿಯಿಂದ ಅಣ್ಣ ಹೇಳಿಕಳಿಸಿದ. ಅವ್ವನಿಗೆ ಜ್ವರ ಬಂದು ಹೋಗಿದೆ, ಊಟ ಸೇರುತ್ತಿಲ್ಲ, ದಿನಾ ನಿನ್ನ ಹೆಸರು ತೆಗೆಯುತ್ತಾಳೆ. ನಾನು ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಅವ್ವನಿಗೆಂದು ಅಕ್ಕಿಯ ನುಚ್ಚು ಕಟ್ಟಿಕೊಂಡು ನಸುಕಿನಲ್ಲೇ ಮೋಟಾರು ಹತ್ತಿದೆ. ದೀಪ ಹಚ್ಚುವುದರೊಳಗೆ ಬರಬೇಕು ಎಂಬ ಮಾತು ಬಾಗಿಲ ತನಕ ಬಂದು ನಮ್ಮನ್ನು ಕಳಿಸಿಕೊಟ್ಟಿತು.

ತಾವರಗೇರಾ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಹಿಂದಿನ ಗಾಲಿ ಬುಸ್ ಎಂದಿತು. ನಮ್ಮ ಮನೆಯವರು ಇಳಿದರು. ಅವರ ಮುಖದಲ್ಲಿ ಬೇಸರಕ್ಕಿಂತ ಸಂತೋಷವೇ ಹೆಚ್ಚಿತ್ತು ಎಂದರೆ ಅತಿಶಯವಲ್ಲ. ಸಾಮಾನು ಬಳಸುವ ಮೊದಲ ಅವಕಾಶ. ಜಾಕು ಹಚ್ಚಿಟ್ಟರು. ಸಾಮಾನು ಕಟ್ಟಿದ್ದ ಹಳೆಯ ಧೋತರ ಬಿಚ್ಚಿ ಮಾವನವರ ಹೆಸರಿದ್ದ ದೊಡ್ಡ ಪಾನಾ ತೆಗೆದು ಗಾಲಿಯ ನಟ್ಟಿಗೆ ಕೂಡಿಸಿ ಭಾರ ಹಾಕಿ ತಿರುವಿದರು. ನಟ್ಟು ತಿರುಗಲಿಲ್ಲ. ಪಾನಾದ ಬಾಯಿ ಮೆಲ್ಲಗೆ ಅಗಲವಾಯಿತು, ನಿದ್ದೆಯಲ್ಲಿದ್ದವರು ಆಕಳಿಸಿದ ಹಾಗೆ. ಅದನ್ನು ಕೆಳಗಿಟ್ಟು ಮತ್ತೊಂದನ್ನು ತೆಗೆದರು. ಅಂಕಿ ಇಲ್ಲದ್ದರಿಂದ ಯಾವುದು ಕೂಡುತ್ತದೆಂದು ಒಂದೊಂದನ್ನೇ ಹಚ್ಚಿ ನೋಡಬೇಕಾಯಿತು. ಕೂಡಿದ ಇನ್ನೊಂದೂ ಹಾಗೆಯೇ ಬಾಯಿ ಬಿಟ್ಟಿತು. ಕಮ್ಮಾರ ಕೆಲಸದಲ್ಲಿ ಮೋಸ ಮಾಡಿರಲಿಲ್ಲ. ಹೇಳಿದ ಹಾಗೆ ಮೆತ್ತಗೆ ಮಾಡಿದ್ದ. ಹೆಸರುಗಳಿಗೆ ಮಾತ್ರ ಏನೂ ಆಗಿರಲಿಲ್ಲ, ಅಪ್ಪ ಮಗ ಇಬ್ಬರ ಹೆಸರೂ ಸ್ಪಷ್ಟವಾಗಿ ಓದಲು ಬರುತ್ತಿದ್ದವು.

ಅವರು ಕಲ್ಲಿನ ಮೇಲೆ ಕೂತರು. ಬಿಸಿಲೇರುತ್ತಿತ್ತು. ಗಂಗಾವತಿ ಇನ್ನೂ ಬಹಳ ದೂರ. ಮಿಸ್ತ್ರಿ ಬರಬೇಕು, ಬಂದು ರಿಪೇರಿಯಾಗಬೇಕು, ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ಮನೆಗೆ ತಿರುಗುವುದೇ ಆಗುತ್ತದೆ. ಅವ್ವ ಬಾಗಿಲ ಕಡೆ ಮುಖ ಮಾಡಿ ಮಲಗಿರುವುದು ನನ್ನ ಕಣ್ಣಿಗೆ ಕಟ್ಟಿತು.

ಹಿಂದಿನಿಂದ ಒಂದು ಎತ್ತಿನ ಗಾಡಿ ಬಂತು. ಹುಲಿಹೈದರದ ಗಂಡ ಹೆಂಡತಿ, ಗಂಗಾವತಿಗೆ ಬಿಳಿ ಜೋಳ ಹೇರಿಕೊಂಡು ಹೊರಟಿದ್ದರು. ಆ ಹೆಂಗಸು ಗಾಡಿ ನಿಲ್ಲಿಸಿ ಮೋಟಾರನ್ನು ಒಂದು ಸುತ್ತು ನೋಡಿ, "ಇದಕ್ಕ ಮೇವು ಏನ್ ಹಾಕ್ತೀರ್ರಿ ಅಕ್ಕಾರ? ಹಿಂಗ್ಯಾಕ ಕುಂತೈತಿ?" ಎಂದಳು.

"ಹೆಸರು ತಿಂತೈತವ್ವಾ," ಎಂದೆ. ನಮ್ಮ ಮನೆಯವರು ನನ್ನ ಕಡೆ ನೋಡಲಿಲ್ಲ. ಹೆಸರುಕಾಳು ಎಂದುಕೊಂಡು ಆಕೆ, ಅದಕ್ಕೇ ಇಷ್ಟು ಉಬ್ಬಿದೆ ಎಂದು ತಲೆಯಾಡಿಸಿದಳು.

ನಾನು ಬುತ್ತಿಯ ಗಂಟು ಎತ್ತಿಕೊಂಡೆ. "ನಾ ಇವರ ಕೂಡ ಹೋಗ್ತೀನಿ. ನೀವೂ ಬರ್ರಿ."

"ಮೋಟಾರು ಬಿಟ್ಟು ಹೆಂಗ ಬರಲಿ? ಯಾರರ ಏನರ ಬಿಚ್ಚಿಕೊಂಡು ಹೋದ್ರ?"

ನಟ್ಟು ಬಿಚ್ಚುವುದು ಅಷ್ಟು ಸುಲಭವಲ್ಲ ಎಂದು ಆಗಷ್ಟೇ ನೋಡಿದ್ದೆವು. ಆದರೂ ಮೋಟಾರನ್ನು ಒಂಟಿಯಾಗಿ ಬಿಡುವಂತಿಲ್ಲ, ಹೆಂಡತಿಯನ್ನು ಜೋಳದ ಚೀಲದ ಮೇಲೆ ಕೂಡಿಸಿ ಕಳಿಸಬಹುದು. ಅವರು ಲೆಕ್ಕ ಹಾಕಿದ ರೀತಿ ಅದು, ಮತ್ತು ಆ ಹೊತ್ತು ನನಗೂ ಅದೇ ಬೇಕಾಗಿತ್ತು. ಅವರು ಗಾಡಿಯವನಿಗೆ ಮತ್ತೆ ಮತ್ತೆ ಹೇಳಿ ನನ್ನನ್ನು ಹತ್ತಿಸಿದರು. ತಿರುಗಿ ನೋಡಿದಾಗ ಮೋಟಾರಿನ ನೆರಳಿನಲ್ಲಿ ಕೂತು ಪಾನಾದ ಬಾಯನ್ನು ಕಲ್ಲಿನಿಂದ ಬಡಿದು ಮುಚ್ಚುತ್ತಿದ್ದರು.

ಕನಕಗಿರಿಯಲ್ಲಿ ಆ ಹೆಂಗಸಿನ ಅಕ್ಕನ ಮನೆಯಲ್ಲಿ ಇಳಿದುಕೊಂಡೆವು. ಮರುದಿನ ಗಂಗಾವತಿಯ ಅಣ್ಣನ ಬಾಗಿಲಲ್ಲಿ ಗಾಡಿ ನಿಂತಿತು. ಅವ್ವ ಬಹಳ ಇಳಿದಿದ್ದಳು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಮೋಟಾರ ಎಲ್ಲೈತಿ?"

ತಾವರಗೇರಾ ದಾಟಿ ಕೂತಿದೆ ಎಂದೆ. ಗಾಡಿಯಲ್ಲಿ ಬಂದೆ ಎಂದೆ.

ಅವ್ವ ನನ್ನ ಕೈಯಿಂದ ಬುತ್ತಿಯ ಗಂಟು ಇಸಿದುಕೊಂಡು ಮಗ್ಗುಲಲ್ಲಿ ಇಟ್ಟುಕೊಂಡಳು. "ಹಂಗಾರ ಇವತ್ತ ಹೋಗಾಂಗಿಲ್ಲ ನೀ."

"ಇಲ್ಲ."

"ನೀ ಬಂದಾಗೆಲ್ಲ ನನ್ನ ಕಿವಿ ಆ ಹಾರನ್ ಮ್ಯಾಲ ಇರ್ತಿತ್ತು, ಮಗಳ. ಯಾವಾಗ ಪಾಂ ಅಂತೈತೋ, ಯಾವಾಗ ಎದ್ದು ಹೋಗ್ತಾಳೋ ಅಂತ. ಒಂದ್ ಮಾತು ಸುರು ಮಾಡಾಕೂ ಮನಸ್ಸ ಬರ್ತಿದ್ದಿಲ್ಲ."

ಯಾವ ಮಧ್ಯಾಹ್ನಗಳನ್ನು ಉಳಿಸಿಕೊಳ್ಳಬೇಕೆಂದು ನಾನು ಪ್ಲಗ್ಗಿನ ಕೊಳವೆ, ಪಕ್ಕಡ ಎಂದು ಬಾಯಿಪಾಠ ಮಾಡಿದ್ದೆನೋ, ಆ ಮಧ್ಯಾಹ್ನಗಳಲ್ಲಿ ಅವ್ವ ಮಾತೇ ಆಡಿರಲಿಲ್ಲ. ನನಗೆ ಅದು ಅಲ್ಲಿಯ ತನಕ ಹೊಳೆದಿರಲಿಲ್ಲ.

ಆ ಸಲ ಅವ್ವ ಮಾತಾಡಿದಳು. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಮಾತಾಡಿದಳು, ನುಚ್ಚಿನ ಗಂಜಿ ಕುಡಿಯುತ್ತ ಮಾತಾಡಿದಳು. ತನ್ನ ಪೆಟ್ಟಿಗೆ ತೆಗೆಸಿ, ಒಂದೊಂದೇ ಸೀರೆ ಬಿಸಿಲಿಗೆ ಹಾಕಿಸುತ್ತ, ಅದು ಯಾರು ಕೊಟ್ಟದ್ದು, ಯಾವತ್ತು ಉಟ್ಟದ್ದು, ಅವತ್ತು ಯಾರು ಯಾರ ಮೇಲೆ ಸಿಟ್ಟಾಗಿ ಉಣ್ಣದೆ ಎದ್ದರು ಎಂದು ಹೇಳುತ್ತ ಹೋದಳು. ಅಡ್ಡ ಮಾತು ಬಂದರೆ ಅದರ ಹಿಂದೆ ಹೋಗಿ, ಮತ್ತೆ ಸೀರೆಗೆ ಬರುತ್ತಿದ್ದಳು. ದಿನಕ್ಕೆ ಎರಡು ಸೀರೆ ಮುಗಿದರೆ ಹೆಚ್ಚು.

ಪೆಟ್ಟಿಗೆ ಅರ್ಧವೂ ಆಗಿರಲಿಲ್ಲ, ಒಂದು ಮಧ್ಯಾಹ್ನ ಓಣಿಯ ತುದಿಯಲ್ಲಿ ಪಾಂ ಎಂದಿತು. ಅವ್ವ ಮಾತು ನಿಲ್ಲಿಸಿದಳು. ನನ್ನ ಸೆರಗಿನ ತುದಿ ಅವಳ ಮುಷ್ಟಿಯಲ್ಲಿತ್ತು.

ಮೆಲ್ಲಗೆ ಬಿಡಿಸಿಕೊಂಡು ಹೊರಗೆ ಬಂದೆ. ನಮ್ಮ ಮನೆಯವರು ಮೋಟಾರು ನಿಲ್ಲಿಸಿ ಧೂಳು ಒರೆಸುತ್ತಿದ್ದರು. ಕೊಪ್ಪಳದ ಮಿಸ್ತ್ರಿ ಬಂದು ಸರಿಮಾಡಿದ್ದು, ಮಾವನವರು ಕೂಗಾಡಿ ಕೊನೆಗೆ ಬೇರೆ ಪಾನಾ ತರಲು ಒಪ್ಪಿದ್ದು, ಕಾಕಾ ಈಗಲೂ ತಪ್ಪು ಅಂಗಡಿಯವನದೇ ಎನ್ನುತ್ತಿರುವುದು, ಎಲ್ಲ ಹೇಳಿದರು. ಮೋಟಾರು ಉಳಿಯಿತು ಎಂದು ನನ್ನ ಮುಖ ನೋಡಿದರು. ಆಮೇಲೆ ಹೇಳಿದರು:

"ಲಗೂನ ತಯಾರಾಗು. ಈಗ ಹೊಂಟ್ರ ದೀಪ ಹಚ್ಚೂದ್ರಾಗ ಮುಟ್ಟತೀವಿ."

"ನೀವು ಊಟ ಮಾಡಿ ಹೋಗ್ರಿ. ನಾ ಗಾಡ್ಯಾಗ ಬಂದೀನಿ, ಗಾಡ್ಯಾಗ ಬರ್ತೀನಿ."

"ಮನಿ ಮುಂದ ಮೋಟಾರ ನಿಂತೈತಿ, ಗಾಡ್ಯಾಗ ಯಾಕ?"

"ಗಾಡಿ ತಡಾ ಆಗತೈತಿ, ಅದಕ್ಕ."

ಅವರು ಒರೆಸುವ ಬಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಮನೆಯಲ್ಲಿ ಏನು ಹೇಳಲಿ ಎಂದು ಕೇಳಿದರು. ನಿಮಗೆ ಸಭೆ ಕೂಡಿಸುವುದು ಹೊಸದೇನಲ್ಲ, ಎಲ್ಲರೂ ಕೂತು ಯೋಚನೆ ಮಾಡಿರಿ ಎಂದೆ. ಅವರಿಗೆ ನಗು ಬಂತು, ನಕ್ಕರು. ಒಳಗೆ ಹೋಗಿ ಅವ್ವನ ಕಾಲು ಮುಟ್ಟಿ, ಊಟ ಮಾಡಿ, ಒಬ್ಬರೇ ಮೋಟಾರು ಹತ್ತಿದರು.

ಸದ್ದು ಓಣಿ ದಾಟಿ ಪೇಟೆಯ ಕಡೆ ಕರಗುವ ತನಕ ಅವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಆಮೇಲೆ ಮೆಲ್ಲಗೆ ನೋವಿಲ್ಲದ ಮಗ್ಗುಲಿಗೆ ತಿರುಗಿ, ಮತ್ತೆ ಹಿಡಿದಿದ್ದ ನನ್ನ ಸೆರಗು ಬಿಟ್ಟು, ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ಲಿನ ಸೀರೆ ತೆಗೆಯಲು ಹೇಳಿದಳು. ಅದರ ಮಾತು ಬಹಳ ಉದ್ದ ಇದೆ, ಕಾಲು ಚಾಚಿ ಕೂಡು ಎಂದಳು.